ಇಸ್ತ್ರಿ ಮಾವನ ಅಂಗೈ

ನಮ್ಮ ಬೀದಿಯವರಿಗೆಲ್ಲ ಆತ ಇಸ್ತ್ರಿ ಮಾವ. ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ನಲವತ್ತು ವರ್ಷ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿದವನು. ಕಾದ ತಳಕ್ಕೆ ಅಂಗೈ ಒತ್ತಿ, ಇದು ಹತ್ತಿಬಟ್ಟೆಗೆ ಸರಿ, ರೇಷ್ಮೆಗೆ ಜಾಸ್ತಿ ಎಂದು ಹೇಳುತ್ತಿದ್ದ. ಜ್ವರ ಬಂದವರು ಅವನ ಅಂಗಡಿಯ ಮುಂದೆ ಹಾದುಹೋದರೆ ಸಾಕು, ಎಷ್ಟು ಡಿಗ್ರಿ ಎಂದು ಕೂತಲ್ಲಿಂದಲೇ ಕೂಗುತ್ತಿದ್ದ. ಮೂರು ಮನೆ ಆಚೆ ಹಾಲು ಉಕ್ಕುವುದು ಅವನ ಬೆರಳಿಗೆ ಮೊದಲೇ ತಿಳಿಯುತ್ತಿತ್ತು. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂದು ನನಗೂ ಗೊತ್ತಿಲ್ಲ.

ಆಮೇಲೆ ಜನ ಕೆಟ್ಟ ಇಸ್ತ್ರಿಪೆಟ್ಟಿಗೆ ಎಸೆದು ಹೊಸದು ತರತೊಡಗಿದರು. ಮಾವ ನೊಣ ಹೊಡೆಯುತ್ತ ಕೂತ. ಆಗ ಅವನನ್ನು ಹುಡುಕಿಕೊಂಡು ಬಂದವರು ಹಾವು ಸಾಕುವವರು. ಹಾವಿಗೆ ಹೊರಗಿನ ಕಾವು ಸಿಗದಿದ್ದರೆ ತಿಂದದ್ದು ಅರಗುವುದಿಲ್ಲ. ಅದಕ್ಕೆ ಗಾಜಿನ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಣ್ಣಗೆ ಇರಬೇಕು. ಅದು ತನಗೆ ಬೇಕಾದ ಕಡೆ ಹರಿದು ಹೋಗುತ್ತದೆ. ಮಾವ ಹಳೆಯ ಇಸ್ತ್ರಿಪೆಟ್ಟಿಗೆಯ ತಳವನ್ನೇ ಕಳಚಿ, ಚಪ್ಪಡಿ ಕಲ್ಲಿನ ಕೆಳಗೆ ಕೂರಿಸಿ, ರೆಗ್ಯುಲೇಟರ್ ಜೋಡಿಸಿಕೊಟ್ಟ. ಕಾವು ಮೀರಿದರೆ ತಾನೇ ಕರೆಂಟು ಕಡಿಯುವ ಥರ್ಮೋಸ್ಟಾಟ್ ಹಾಕಲಿಲ್ಲ. ಕಲ್ಲಿನ ಮೇಲೆ ಅಂಗೈ ಇಟ್ಟು ಇಪ್ಪತ್ತು ಎಣಿಸುವುದು, "ಹದ" ಎನ್ನುವುದು. ಅಷ್ಟೇ.

"ಒಂದು ಥರ್ಮಾಮೀಟರಾದ್ರೂ ಇಡ್ರೀ," ಎಂದಳು ಹೆಂಡತಿ.

"ಗಾಜಿನ ಕಡ್ಡಿಗೆ ಚರ್ಮ ಇದೆಯೇನೇ?"

"ನಿಮಗೂ ಇದ್ದ ಹಾಗೆ ಕಾಣಲ್ಲ. ಬೆಳಿಗ್ಗೆ ಒಲೆ ಮೇಲಿನ ಪಾತ್ರೇನ ಬರಿಗೈಲಿ ಇಳಿಸಿದ್ರಿ."

"ಅದು ಅಭ್ಯಾಸ ಕಣೆ."

ಹೀಗೆ ಹನ್ನೊಂದು ಪೆಟ್ಟಿಗೆಗಳಾದವು. ಕೊನೆಯದು ಲೈಬ್ರರಿಯಲ್ಲಿ ಕೆಲಸ ಮಾಡುವ ಒಂಟಿ ಹೆಂಗಸಿನದು. ನಾವು ಲೈಬ್ರರಿಯಮ್ಮ ಎನ್ನುತ್ತಿದ್ದೆವು. ಹಾವು ಅವಳದಲ್ಲ, ತೀರಿಹೋದ ತಮ್ಮನದು. ವಿಷವಿಲ್ಲದ, ಎರಡು ಮೊಳದ ಸಾಧುಪ್ರಾಣಿ. ತಮ್ಮ ಅದಕ್ಕೆ ಬೆಲ್ಟು ಎಂದು ಹೆಸರಿಟ್ಟು ಸೊಂಟಕ್ಕೆ ಸುತ್ತಿಕೊಂಡು ಮನೆಯೆಲ್ಲ ಓಡಾಡುತ್ತಿದ್ದ. ಆಸ್ಪತ್ರೆಯಲ್ಲಿ ಅವನ ಕೊನೆಯ ಮಾತು, "ಅಕ್ಕಾ, ಬೆಲ್ಟು ತಣ್ಣಗಾಗೋಕೆ ಬಿಡಬೇಡ."

ಪೆಟ್ಟಿಗೆ ಮಾಡಿಕೊಟ್ಟು ಎರಡು ತಿಂಗಳಾದ ಮೇಲೆ ಅವಳು ಮಾವನ ಅಂಗಡಿಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಮೂರು ವಾರದಿಂದ ಏನೂ ಮುಟ್ಟಿಲ್ಲ ಮಾವ. ಸತ್ತೇಹೋಗುತ್ತೆ. ಬೆಚ್ಚಗಿರೋ ಕಡೆಗೆ ಹೋಗೋದೇ ಇಲ್ಲ, ನೀರಿನ ಬಟ್ಟಲಲ್ಲೇ ಮುದುಡಿಕೊಂಡಿರುತ್ತೆ. ಆ ಕಡೇಲಿ..." ಅವಳು ದನಿ ತಗ್ಗಿಸಿದಳು. "ಆ ಕಡೇಲಿ ಅವನು ಮಲಗ್ತಾನೆ."

ಮಾವ ಆಗಲೇ ಅವಳ ಮನೆಗೆ ಹೋದ. ಮಟಮಟ ಮಧ್ಯಾಹ್ನ. ಆದರೂ ಹಾವಿದ್ದ ಕೋಣೆಗೆ ಬೆಳಕು ಬರಲು ಹೆದರುತ್ತಿತ್ತು. ತಮ್ಮನ ಚಪ್ಪಲಿಗಳು ಬಾಗಿಲ ಬಳಿ, ಬೆರಳಿನ ಗುಳಿಗಳ ಸಮೇತ, ಹಾಗೇ ಇದ್ದವು. ಗಾಜಿನ ಹಿಂದೆ, ಕಲ್ಲಿನ ಮೇಲೆ ಹಾಸಿದ ಹಳೆಯ ಪತ್ರಿಕೆಯಲ್ಲಿ, ಕಂದು ಬಣ್ಣದ ಒಂದು ಆಕಾರ ಮೂಡಿತ್ತು. ಒಂದು ಕಡೆ ಹೆಗಲಿನ ಹಾಗೆ ಅಗಲ. ಕೆಳಗೆ ಬರಬರುತ್ತ ಕಿರಿದಾಗಿ, ಜೋಡಿಸಿಟ್ಟ ಪಾದಗಳಂತೆ ಚೂಪು. ಮುಸುಕೆಳೆದು ಮಲಗಿದ ಗೇಣುದ್ದದ ಮನುಷ್ಯ.

"ನೀವು ಹೇಳಿದ ಹಾಗೆ ಸ್ವಿಚ್ ಆರಿಸಿ, ಕಲ್ಲು ತಣಿದ ಮೇಲೆ ಕಾಗದ ಬದಲಾಯಿಸ್ತೀನಿ," ಎಂದಳು ಅವಳು. "ನಾಲ್ಕು ದಿನಕ್ಕೆ ಮತ್ತೆ ಬರ್ತಾನೆ."

ಹಾವು ನೀರಿನೊಳಗಿಂದ ಆ ಆಕಾರವನ್ನೇ ನೋಡುತ್ತಿತ್ತು. ಹಾವು ಎಂದೂ ರೆಪ್ಪೆ ಮಿಟುಕಿಸುವುದಿಲ್ಲ, ನಿಜ. ಆದರೆ ಆ ದಿನ ಅದು ಬೇಕೆಂದೇ ಮಿಟುಕಿಸಲಿಲ್ಲ ಎಂದು ಮಾವ ಇಂದಿಗೂ ಆಣೆಯಿಟ್ಟು ಹೇಳುತ್ತಾನೆ.

ಅವನು ಕಾಗದ ಸರಿಸಿ ಕಲ್ಲಿನ ಮೇಲೆ ಅಂಗೈ ಇಟ್ಟ. ಎಣಿಸತೊಡಗಿದ. ಗೋಡೆಯ ಆಚೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಹದವಾಗೇ ಇದೆಯಲ್ಲಮ್ಮ."

"ಹಾಗಾದ್ರೆ ಅದು ಯಾಕೆ ಬರಲ್ಲ?"

ಕಾವು ಸರಿಯಿದ್ದ ಮೇಲೆ ಅಲ್ಲಿ ಬೇರೆ ಏನೋ ಇರಲೇಬೇಕು. ಮಾವನ ಕತ್ತಿನ ಕೂದಲು ನಿಮಿರಿತು.

"ಮಾವ, ಏನೋ ಸೀದ ವಾಸನೆ."

"ಪಕ್ಕದ ಮನೇದಿರಬೇಕು."

"ಅಲ್ಲ," ಎಂದಳು ಅವಳು, ಬಹಳ ಮೆಲ್ಲಗೆ. "ನಿಮ್ಮ ಕೈ."

ಮಾವ ಕೈ ಎತ್ತಿ ನೋಡಿದ. ಅಂಗೈ ಬೆಳ್ಳಗೆ ಬೆಂದು ಚರ್ಮ ಎದ್ದಿತ್ತು. ನೋವಿರಲಿಲ್ಲ. ಯಾರೋ ತಮ್ಮದೊಂದು ಕೈಯನ್ನು ಅವನ ತೋಳಿನ ತುದಿಯಲ್ಲಿ ಮರೆತು ಹೋದಂತಿತ್ತು. ಮತ್ತೆ ಕಾಗದದತ್ತ ನೋಡಿದಾಗ ಆಕಾರದ ಗುರುತು ಸಿಕ್ಕಿತು. ಎಷ್ಟು ಅಂಗಿಗಳ ಬೆನ್ನಿನ ಮೇಲೆ ಕಂಡಿದ್ದನೋ ಅದನ್ನು. ಇಸ್ತ್ರಿಪೆಟ್ಟಿಗೆಯ ತಳ.

ಸ್ವಿಚ್ ಆರಿಸಿ ಹಾವನ್ನು ಮಗುಚಿ ನೋಡಿದರು. ಹೊಟ್ಟೆಯ ಅಡಿಯಲ್ಲಿ ಎರಡು ಕಡೆ ಬೆಂದಿತ್ತು. ಲೈಬ್ರರಿಯಮ್ಮ ಅದನ್ನು ಒದ್ದೆಬಟ್ಟೆಯಲ್ಲಿ ಸುತ್ತಿಕೊಂಡು ಪ್ರಾಣಿಗಳ ಡಾಕ್ಟರ ಬಳಿ ಓಡಿದಳು. ಮಾವ ತನ್ನ ಡಾಕ್ಟರ ಬಳಿ ಹೋಗಲಿಲ್ಲ. ಕೈಗೆ ಬಟ್ಟೆ ಸುತ್ತಿ, ಹೆಂಡತಿಯನ್ನು ಕರೆದುಕೊಂಡು, ಉಳಿದ ಹತ್ತು ಮನೆಗಳಿಗೆ ಹೋದ. ಒಂದೊಂದು ಕಲ್ಲನ್ನೂ ಅವಳೇ ಮುಟ್ಟಿದಳು. ಮೊದಲನೆಯದು ನಿಜವಾಗಿಯೂ ಹದವಾಗಿತ್ತು. ನಾಲ್ಕನೆಯದು ಬಿಸಿ. ಹತ್ತನೆಯದಕ್ಕೆ ಅವಳು ಬೆರಳು ತಾಗಿಸಿ ಚಟ್ಟನೆ ಹಿಂದೆಗೆದಳು. ಕೈ ಸಾಯುತ್ತ ಬಂದಷ್ಟೂ ಕಾವು ಏರುತ್ತ ಬಂದಿತ್ತು.

ಹನ್ನೊಂದಕ್ಕೂ ಥರ್ಮೋಸ್ಟಾಟ್ ಬಂತು. ಇಸ್ತ್ರಿತಳ ಹೋಗಿ, ಗಾಜಿನ ಹೊರಗಿನಿಂದ ಅಂಟಿಸುವ ತೆಳ್ಳನೆಯ ಕಾವಿನ ಹಾಳೆ ಬಂತು. ಎರಡೂ ತುದಿಗೆ ಥರ್ಮಾಮೀಟರು ಬಂತು.

ತಿಂಗಳಾದ ಮೇಲೆ ಬೆಲ್ಟು ತಿಂದಿತು ಎಂದು ಲೈಬ್ರರಿಯಮ್ಮ ಹೇಳಿಕಳಿಸಿದಳು. ಮಾವ ಹೋದ. ಸುಟ್ಟು ಮಾಗಿದ ಕೈಯನ್ನು ಪೆಟ್ಟಿಗೆಯೊಳಗೆ ಊರಿ, ಬಗ್ಗಿ, ಥರ್ಮಾಮೀಟರು ಓದಿದ. ಬೆಚ್ಚನೆಯ ತುದಿ ಖಾಲಿ. ತಣ್ಣನೆಯ ತುದಿಯೂ ಖಾಲಿ.

"ಎಲ್ಲಮ್ಮಾ ಹಾವು?"

ಅವಳು ಅವನ ಕೈಯತ್ತ ಬೊಟ್ಟು ಮಾಡಿದಳು. ಬೆಲ್ಟು ಅವನ ಬೆರಳುಗಳನ್ನೂ ಅಂಗೈಯನ್ನೂ ಮೂರು ಸುತ್ತು ಸುತ್ತಿಕೊಂಡು ತಲೆಯಿಟ್ಟು ಮಲಗಿತ್ತು.

"ಬಿಗಿಯಾಗಿದೆಯಾ ಮಾವ?"

"ನೀನೇ ನೋಡಿ ಹೇಳಬೇಕಮ್ಮ," ಎಂದ ಮಾವ.