ನೀಲಕ್ಕ ಹಾಡದೆ ಬಿಟ್ಟ ಅಂತರಾ

ನೀಲಕ್ಕ ಮೆಲ್ಲಗೆ ಮಾತಾಡಿದ್ದನ್ನು ಮೊನ್ನೆಯವರೆಗೂ ನಾನು ಒಮ್ಮೆಯೂ ಕೇಳಿರಲಿಲ್ಲ. ಪಕ್ಕದಲ್ಲೇ ಕೂತವರಿಗೆ ಚಹಾ ಬೇಕೇ ಎಂದು ಕೇಳಿದರೂ ಅದು ಎದುರಿನ ಓಣಿಗೆ ಮುಟ್ಟುತ್ತಿತ್ತು. ಹತ್ತಿಮತ್ತೂರಿನಲ್ಲಿ ಅವಳ ಅಪ್ಪನದು ಹಿಟ್ಟಿನ ಗಿರಣಿ. ಅದರ ಸದ್ದಿನ ಮೇಲೆ ದನಿ ಎತ್ತಿ ಎತ್ತಿಯೇ ಬೆಳೆದವಳು ಅವಳು. ಜೋಳದ ಡಬ್ಬಿ ಹೊತ್ತು ಬಂದ ಹೆಂಗಸರು ಪಾಳಿ ಕಾಯುತ್ತ, "ಒಂದ್ ಪದಾ ಹಾಡ ನೀಲವ್ವಾ" ಅನ್ನುವರು. ಇವಳು ಗಿರಣಿಯ ಗುಂಯ್‌ಗುಡುವ ಶ್ರುತಿಯನ್ನೇ ತಂಬೂರಿ ಮಾಡಿಕೊಂಡು, ಹುಬ್ಬಿನ ಮೇಲೆ ಹಿಟ್ಟು ಹೊತ್ತು ಹಾಡುವಳು. ಬೀಸುವುದು ಮುಗಿದರೂ ಯಾರೂ ಮನೆಗೆ ಹೋಗುವುದಿಲ್ಲ, ನಿಲ್ಲಲಿಕ್ಕೆ ಜಾಗ ಸಾಲುವುದಿಲ್ಲ ಎಂದು ಅವಳ ಅಪ್ಪನ ದೂರು.

ನಾನು ಶಿಗ್ಗಾವಿಯಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇಟ್ಟವನು. ಲಗ್ನದ ಸೀಜನ್ನಿನಲ್ಲಿ ಆರ್ಕೆಸ್ಟ್ರಾ ಕಟ್ಟಿಕೊಂಡು ಡ್ರಮ್ಮಿನ ಪ್ಯಾಡ್ ಬಾರಿಸುತ್ತೇನೆ. ಕೀಬೋರ್ಡಿಗೆ ಹುಲಗೂರಿನ ದಾದಾಪೀರ ಇದ್ದಾನೆ. ಸವಣೂರಿನ ಒಂದು ಲಗ್ನದಲ್ಲಿ ನಮ್ಮ ಹಾಡುಗಾರ್ತಿಗೆ ಗಂಟಲು ಕಟ್ಟಿತು. ಯಾರೋ ನೀಲಕ್ಕನನ್ನು ಕರೆತಂದರು. ಕುಣಿಯುವ ಹಾಡು, ಹುಡುಗರು ಮೈಮರೆತಿದ್ದಾರೆ. ಅದರ ನಟ್ಟನಡುವೆ ಈಕೆ ಸಂಗೀತಗಾರರ ಹಾಗೆ ಸ್ವರಗಳನ್ನು ಸರಸರ ಏರಿಳಿಸುತ್ತ ತಾನಿನ ಮೇಲೆ ತಾನು ಬಿಡತೊಡಗಿದಳು. ಹುಡುಗರು ಕಾಲೆತ್ತಿದಲ್ಲೇ ನಿಂತರು. ಹಾಳಾಯಿತು, ಇನ್ನು ಲಗ್ನದವರು ನಮ್ಮನ್ನು ಓಡಿಸುತ್ತಾರೆ ಎಂದುಕೊಂಡೆ. ಆ ತಾನು ಸರಿಯಾಗಿ ಸಮ್ಮಿಗೆ, ತಾಳದ ಮೊದಲ ಪೆಟ್ಟಿಗೆ, ಬಂದು ಬಿದ್ದದ್ದೇ ತಡ, ಮಂಟಪವೇ ಹಾರಿಹೋಗುವಂತೆ ಸಿಳ್ಳೆ! ಮದುಮಗ ಬಾಸಿಂಗ ಬಿಚ್ಚಿಟ್ಟು ಕುಣಿದ. ಅವತ್ತಿಗೆ ನಮ್ಮ ದೆಸೆ ತಿರುಗಿತು.

ಅವಳ ದೆಸೆ ಮಾತ್ರ ಅವತ್ತೇ ಕೆಟ್ಟಿತು. ನೀಲಕ್ಕ ಎಂಟು ವರ್ಷದಿಂದ ಹಾನಗಲ್ಲಿನ ಬಸಲಿಂಗಪ್ಪ ಮಾಸ್ತರರ ಬಳಿ ಖ್ಯಾಲ್ ಕಲಿಯುತ್ತಿದ್ದಳು. ಸ್ವರ ಕಿಂಚಿತ್ತು ಅಲುಗಿದರೂ ಕಲಿಸುವುದನ್ನು ನಿಲ್ಲಿಸಿ ಅಡಕೆ ಕತ್ತರಿಸುತ್ತ ಕೂತುಬಿಡುವ ಮನುಷ್ಯ. ಆ ವಾರ ಅವರು ಅಹೀರ ಭೈರವ ರಾಗದಲ್ಲಿ ತಾವೇ ಕಟ್ಟಿದ ಹಾಡು, ಒಂದು ಚೀಜು, ಶುರು ಮಾಡಿದ್ದರು. ಚೀಜಿಗೆ ಎರಡು ಭಾಗ: ಮೊದಲು ಸ್ಥಾಯಿ, ಆಮೇಲೆ ಮೇಲಿನ ಸ್ವರಕ್ಕೆ ಹತ್ತುವ ಅಂತರಾ. ಸ್ಥಾಯಿ ಕೊಟ್ಟಾಗಿತ್ತು: "ಬೆಳಗಾತ, ಬಾಗಿಲ ತೆಗಿಯವ್ವ." ಅಂತರಾ ಗುರುವಾರಕ್ಕೆ ಎಂದಿದ್ದರು. ಗುರುವಾರದೊಳಗೆ ಲಗ್ನದ ಸುದ್ದಿ ಹಾನಗಲ್ಲು ಮುಟ್ಟಿತ್ತು.

"ಚಪ್ಪಲಿ ಹೊರಗ ಬಿಟ್ಟು ಬಾ ಅಂತ ಹೇಳಿದ್ದೆ. ಕುಣಿಯೋ ಹಾಡನ್ನೂ ಹೊರಗ ಬಿಟ್ಟು ಬಾ ಅಂತ ಹೇಳಬೇಕಿತ್ತೇನು?" ಎಂದರಂತೆ ಮಾಸ್ತರರು. "ಅಂತರಾ ಇಲ್ಲ. ಹೋಗು."

ಅವಳು ಎರಡು ಬಸ್ಸು ಬದಲಿಸಿ ನೇರ ನನ್ನ ಅಂಗಡಿಗೆ ಬಂದಳು. ಅತ್ತದ್ದೂ ಗಟ್ಟಿ ದನಿಯಲ್ಲೇ. ಪಕ್ಕದ ಸೈಕಲ್ ಅಂಗಡಿಯವನು ಗಾಬರಿಯಾಗಿ ಓಡಿ ಬಂದ. ಕಣ್ಣೊರೆಸಿಕೊಂಡು, "ಪ್ಯಾಡ್ ಹಚ್ಚೋ ಮಂಜ್ಯಾ" ಎಂದಳು.

ಅವತ್ತು ಹುಟ್ಟಿದ್ದು ಆ ಹಾಡು. ಮಾಸ್ತರರ ಸ್ಥಾಯಿಯ ಕೆಳಗೆ ದಾದಾಪೀರ ದಪ್ಪನೆಯ ಬೇಸ್ ಇಟ್ಟ, ನಾನು ಪ್ಯಾಡಿನಲ್ಲಿ ಡೊಳ್ಳಿನ ಪೆಟ್ಟು ಕೂಡಿಸಿದೆ. ಅವಳು ಸರಿಗಮಗಳನ್ನು ಜಗಳಕ್ಕೆ ನಿಂತವಳ ಹಾಗೆ ಪಟಪಟ ಉದುರಿಸಿದಳು. ನಮಗೆ ಮೈಯೆಲ್ಲ ಮುಳ್ಳು. ಅಂತರಾ ಬರುವ ಜಾಗಕ್ಕೆ ಬಂದದ್ದೇ, ಬಾಯಿ ಮುಚ್ಚಿ ನಿಂತಳು.

"ಹಾಡವಾ!" ಎಂದ ದಾದಾಪೀರ.

"ಅದು ನನಗ ಬರೂದಿಲ್ಲ."

"ನೀನ ಒಂದು ಕಟ್ಟ. ನಿನಗೇನ್ ದೊಡ್ಡ ಮಾತು?"

"ಬಾಗಲದಾಗ ಯಾರ್ ನಿಂತಾರ ಅನ್ನೂದು ಅಂತರಾದಾಗ ಇರತೈತಿ. ಅದನ್ನ ಅವರು ನನಗ ಹೇಳಿಲ್ಲ. ನಾ ಯಾರನ್ನರ ತಂದು ಹೆಂಗ ನಿಲ್ಲಸ್ಲಿ? ನೀವು ಬರೇ ಬಾರಿಸ್ರಿ."

ಎಷ್ಟು ಹೇಳಿದರೂ ಬಗ್ಗಲಿಲ್ಲ. ಉಳಿದದ್ದನ್ನೆಲ್ಲ ಹಿಡಿದು ತಿರುವಿ, ಹರಿದು, ಹೊಲಿದ ಹೆಂಗಸು ಇದೊಂದಕ್ಕೆ ಕೈ ಹಚ್ಚಲಿಲ್ಲ. ಅಲ್ಲಿ ಬರೀ ಪೆಟ್ಟು ಉಳಿಯಿತು. ಜನ ಅದನ್ನೇ ಹೊಸ ಸ್ಟೈಲು ಎಂದುಕೊಂಡರು! ಹಾಡು ಫೋನಿಂದ ಫೋನಿಗೆ ಹಾರಿತು. ಮೆಣಸಿನಕಾಯಿ ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನ ಮೇಲೆ ಅದು, ಟಂಟಂ ಗಾಡಿಯಲ್ಲಿ ಅದು. ಆ ಖಾಲಿ ಜಾಗ ಬಂದಾಗ ಹುಡುಗರು ಅಂಗಿ ಬಿಚ್ಚಿ ಗಾಳಿಯಲ್ಲಿ ತಿರುವುವರು. ವೇದಿಕೆಯ ಮೇಲೆ ನೀಲಕ್ಕ ಆಗ ಕಣ್ಣು ಮುಚ್ಚಿ ನಿಲ್ಲುವಳು. ಹೆಸರು, ಹಾರ, ಸೆಲ್ಫಿ ಎಲ್ಲ ಬಂದರೂ ಅವಳಿಗೆ ಬೇಕಾಗಿದ್ದದ್ದು ಒಂದೇ ಎಂದು ನನಗೂ ದಾದಾಪೀರನಿಗೂ ಗೊತ್ತಿತ್ತು.

ಹಿರೇಕೆರೂರಿನ ಮೈದಾನದಲ್ಲಿ ಒಂದು ಸಂಜೆ ಕಾರ್ಯಕ್ರಮ. ಅಷ್ಟು ಮಂದಿಯನ್ನು ನಾನು ಅದೇ ಮೊದಲು ಕಂಡದ್ದು. ಮೊದಲ ಸಾಲಿನಲ್ಲಿ, ನನ್ನದೇ ದೊಡ್ಡ ಸ್ಪೀಕರಿನ ಮುಂದೆ, ಬಿಳಿ ಟೊಪ್ಪಿಗೆಯ ಮುದುಕರೊಬ್ಬರು ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದರು. ಯಾರ ಮನೆಯ ಅಜ್ಜನೋ ಎಂದು ನಾನು ನಕ್ಕೆ. ಹಾಡು ಶುರುವಾಯಿತು, ಖಾಲಿ ಜಾಗ ಬಂತು, ಅಂಗಿಗಳು ಹಾರಿದವು. ಮುದುಕರು ಎದ್ದು ನಿಂತು ಕೈ ಮೇಲೆತ್ತಿದರು. ನೀಲಕ್ಕ ಕಣ್ಣು ತೆರೆದಳು. ಮರುಕ್ಷಣ ಮೈಕ್ ಹಿಡಿದವಳೇ ವೇದಿಕೆಯಿಂದ ಕೆಳಕ್ಕೆ ಜಿಗಿದು ಅವರ ಕಾಲಿಗೆ ಬಿದ್ದಳು. ಅವರೇ ಮಾಸ್ತರರು ಎಂದು ಹೊಳೆದು ನನ್ನ ಪೆಟ್ಟು ತಪ್ಪಿತು.

"ಠೇಕಾ ನಿಲ್ಲಸಬ್ಯಾಡೋ!" ಎಂದು ಮಾಸ್ತರರು ನನ್ನ ಕಡೆ ಗದರಿದರು. ಆ ಗದರಿಕೆ ಮೈಕಿನಲ್ಲಿ ಮೈದಾನಕ್ಕೆಲ್ಲ ಕೇಳಿತು. ನಾನು ಜೀವ ಕೈಯಲ್ಲಿ ಹಿಡಿದು ಬಾರಿಸಿದೆ.

"ಟ್ರ್ಯಾಕ್ಟರ್ ಮ್ಯಾಲ ಕುಂತು ದಿನಾ ನನ್ನ ಬಾಗಲಾ ಬಡಿಯಾಕತ್ತಿ," ಎಂದರು ಅವಳಿಗೆ. "ಚೀಜ್ ಎಲ್ಲಾ ಹರದ ಹನ್ನೆರಡು ಮಾಡಿ. ಅಂತರಾ ಒಂದ್ ಯಾಕ ಬಿಟ್ಟಿ?"

"ನೀವು ಕೊಟ್ಟಿರಲಿಲ್ಲಲ್ರೀ."

ಮಾಸ್ತರರು ಕಿವಿಯ ಹತ್ತಿ ಕಿತ್ತು ಕಿಸೆಗೆ ಹಾಕಿಕೊಂಡರು. ಅವಳು ಮೈಕ್ ಹಿಡಿದ ಕೈಯನ್ನೇ ತಮ್ಮ ಬಾಯಿಯ ಹತ್ತಿರ ಎಳೆದುಕೊಂಡು, ನನ್ನ ಡೊಳ್ಳಿನ ಪೆಟ್ಟಿನ ಮೇಲೆ, ಒಡೆದ ದನಿಯಲ್ಲಿ ಹಾಡಿದರು: "ಅಂಗಳದಾಗ ನಿಂತಾಕಿ ನಮ್ಮ ಮನಿ ಮಗಳ."

ಹಾರುತ್ತಿದ್ದ ಅಂಗಿಗಳು ಕೆಳಗಿಳಿದವು. ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಸಾಲು ಮುಗಿದಿತ್ತು. ಅವರು ಇನ್ನೊಮ್ಮೆ ಹೇಳಿದರು. ಈ ಸಲ ಹಾಡಿದಳು. "ರಿಷಭ ಏರತು. ಇಳಸು. ಮತ್ತ ಹೇಳು," ಎಂದರು. ಕುಣಿಯಲು ಬಂದ ಅಷ್ಟೂ ಮಂದಿಯ ನಡುವೆ ಪಾಠ ನಡೆಯಿತು! ರಿಷಭದ ಸ್ವರ ಇಳಿದು ತನ್ನ ಜಾಗದಲ್ಲಿ ಸರಿಯಾಗಿ ಕೂತು, ಅಂತರಾ ಇಡಿಯಾಗಿ ಅವಳ ಗಂಟಲಿಂದ ಹೊಮ್ಮಿದಾಗ ಎದ್ದ ಕೂಗಿಗೆ ನನ್ನ ಸ್ಪೀಕರುಗಳು ಮಂಕಾದವು. ದಾದಾಪೀರ ಕೀಬೋರ್ಡಿನ ಮೇಲೆ ತಲೆಯಿಟ್ಟು ಅಳುತ್ತಿದ್ದ. ನಾನೇನು ಕಡಿಮೆ?

ಆ ಮಳೆಗಾಲವೆಲ್ಲ ಅವಳು ಹಾನಗಲ್ಲಿನಲ್ಲೇ ಕಲಿತಳು. ಆಮೇಲೆ ಮುಂಬೈಯ ಒಂದು ಹಾಡಿನ ಕಂಪನಿಯಿಂದ ಕರೆ ಬಂತು. ಅಲ್ಲಿಯವರಿಗೆ ಹಾಡು ಬೇಕು, ಆದರೆ ಆ ಖಾಲಿ ಜಾಗದ ಸಮೇತ. ಹಾವೇರಿ ಸ್ಟೇಶನ್ನಿಗೆ ಬಿಡಲು ಹೋದಾಗ, "ನೀ ಏನಂದಿ?" ಎಂದು ಕೇಳಿದೆ.

"ಆವಾಗ ಕರದಿದ್ರ ಖಾಲಿ ಇತ್ತರೀ, ಈಗ ತುಂಬೈತಿ ಅಂದೆ. ಒಪ್ಪಿದ್ರು." ಪ್ಲಾಟ್‌ಫಾರ್ಮಿನವರೆಲ್ಲ ತಿರುಗಿ ನೋಡಿದರು. ರೈಲು ಹೊರಟ ಮೇಲೂ ಕಿಟಕಿಯಿಂದ ಅವಳ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಅವಳನ್ನು ಎದುರಿಗೆ ಕಂಡದ್ದು ಅದೇ ಕೊನೆ. ಈಗ ದೇಶ ತಿರುಗುತ್ತಾಳೆ, ನಮ್ಮ ಕಡೆ ಬರಲು ಬಿಡುವಿಲ್ಲ. ಅವಳಿಲ್ಲದೆ ಅಂಗಡಿ ಬಿಕೋ ಅನ್ನುತ್ತದೆ.

ಮೊನ್ನೆ ಮಾಸೂರಿನಲ್ಲಿ ನಮ್ಮ ಕಾರ್ಯಕ್ರಮ. ಹೊಸ ಹುಡುಗಿ ಸ್ಥಾಯಿ ಹಾಡಿದಳು. ಅಂತರಾದ ಹೊತ್ತಿಗೆ ಅವಳು ಉಸಿರು ತೆಗೆದುಕೊಳ್ಳುವುದರೊಳಗೇ ಇಡೀ ಬಯಲು ಎದ್ದು ನಿಂತು ಹಾಡತೊಡಗಿತು. ಹಿರೇಕೆರೂರಿನ ವಿಡಿಯೋ ನೋಡಿ ನೋಡಿ ಎಲ್ಲರಿಗೂ ಬಾಯಿಪಾಠ! ಗದ್ದೆ ನಾಟಿಯ ಹೆಂಗಸರು, ಟ್ರ್ಯಾಕ್ಟರಿನವರು, ಬೀಡಿ ಸೇದುವ ಮುದುಕರು, ಒಬ್ಬರೂ ಬಿಡಲಿಲ್ಲ. ನಾನು ಒಂದು ಕೈಯಲ್ಲಿ ಬಾರಿಸುತ್ತ ಇನ್ನೊಂದು ಕೈಯಲ್ಲಿ ನೀಲಕ್ಕನಿಗೆ ವಿಡಿಯೋ ಕಾಲ್ ಹಚ್ಚಿ ಫೋನು ಎತ್ತಿ ಹಿಡಿದೆ. ಹಾಡು ಮುಗಿದ ಮೇಲೆ ನೋಡಿದರೆ ಅವಳ ಮುಖವೆಲ್ಲ ಒದ್ದೆ.

"ಅಳಾಕತ್ತೀಯೇನ ಅಕ್ಕಾ?"

ಅವಳು ಆಚೀಚೆ ನೋಡಿ, ಹುಟ್ಟಿದಾಗಿನಿಂದ ಮೊದಲ ಸಲ ಎಂಬಂತೆ ದನಿ ತಗ್ಗಿಸಿದಳು. "ಮಂಜ್ಯಾ, ಊರಿಗ ಊರ ರಿಷಭ ಏರಿಸಿ ಹಾಡಾಕತ್ತೈತೋ. ಗುರುಗಳಿಗೆ ಹೇಳಬ್ಯಾಡ."