ಹಾಸಿಗೆ ಸಮೇತ ಬಂದ ಕಥಾನಾಯಕ

"ಮಾಸ್ಟ್ರೇ, ನಿಮ್ಮ ಹೀರೋ ನಮ್ಮ ಮನೆಯ ಚಾವಡಿಯಲ್ಲಿ ಬಂದು ಕೂತಿದ್ದಾನೆ. ಒಮ್ಮೆ ಬಂದು ಕರಕೊಂಡು ಹೋಗಿ."

ಕಳೆದ ಆದಿತ್ಯವಾರ ಬೆಳಿಗ್ಗೆ ಬೆಳುವಾಯಿಯ ಸಂಕಪ್ಪಣ್ಣ ಮೂಡಬಿದ್ರೆಯ ನನ್ನ ಮನೆಯ ಜಗಲಿ ಹತ್ತಿ, ಕಾಫಿಯೂ ಬೇಡವೆಂದು ಹೇಳಿ, ಆಡಿದ ಮಾತಿದು. ಸಂಕಪ್ಪಣ್ಣ ಕಾಫಿ ಬೇಡ ಎಂದರೆ ವಿಷಯ ಗಂಭೀರವೆಂದೇ ತಿಳಿಯಬೇಕು.

ಕತೆಗಾರನ ಬಾಳಿನಲ್ಲಿ ಇಂಥ ಗಳಿಗೆ ಅಪರೂಪ. 'ಪಾತ್ರಕ್ಕೆ ಜೀವ ಬಂದಿದೆ' ಎಂದು ವಿಮರ್ಶಕರು ಬರೆಯುವುದುಂಟು. (ನನ್ನ ಬಗ್ಗೆ ಯಾರೂ ಬರೆದಿಲ್ಲ.) ಆದರೆ ಜೀವ ಬಂದ ಕೂಡಲೇ ಪಾತ್ರವು ಹಾಸಿಗೆ ಸುತ್ತಿಕೊಂಡು, ಬಸ್ಸು ಹಿಡಿದು, ಸಂಕಪ್ಪಣ್ಣನ ಚಾವಡಿಗೇ ಯಾಕೆ ಹೋಗಬೇಕು?

ಬಿಡಿಸಿ ಹೇಳುತ್ತೇನೆ. ಈ ಪತ್ರಿಕೆಯಲ್ಲಿ ನನ್ನದೊಂದು ಧಾರಾವಾಹಿ ಬರುತ್ತಿರುವುದು ತಮಗೆ ಗೊತ್ತಿರಬಹುದು. (ಗೊತ್ತಿಲ್ಲದಿದ್ದರೆ ದಯವಿಟ್ಟು ಎಡಿಟರಿಗೆ ತಿಳಿಸಬೇಡಿ.) ಅದರ ನಾಯಕ ಪ್ರಕಾಶ. ವಯಸ್ಸು ಇಪ್ಪತ್ತೈದು. ಬಿ.ಎ. ಗುಂಗುರು ಕೂದಲು. ತಂದೆಗೆ ಒಬ್ಬನೇ ಮಗ. ಪಟ್ಟಣದಿಂದ ಊರಿಗೆ ಮರಳಿ, ತಂದೆಯ ಕುತಂತ್ರಿ ಸೋದರಳಿಯನ ಕೈಯಿಂದ ಮನೆಯನ್ನು ಬಿಡಿಸಿಕೊಳ್ಳುವ ಧೀರ.

ಯಾಕೆ ಇಪ್ಪತ್ತೈದು? ಯಾಕೆ ಬಿ.ಎ.? ಯಾಕೆ ಒಬ್ಬನೇ ಮಗ?

ಘಟ್ಟದ ಮೇಲಿನಿಂದ ಬಸ್ಸಿನಲ್ಲಿ ಬರುವ ವಾರಪತ್ರಿಕೆಗಳ ನಾಯಕರೆಲ್ಲ ಹಾಗೆಯೇ ಇರುತ್ತಾರೆ. ನಾನೂ ಅದೇ ಅಂಗಡಿಯಿಂದ ಒಬ್ಬನನ್ನು ತಂದೆ. ಮೂಡಬಿದ್ರೆಯಲ್ಲಿ ಗುಂಗುರು ಕೂದಲಿನವನಿಲ್ಲ ಎಂದಲ್ಲ. ಇದ್ದಾನೆ. ಆದರೆ ಅವನಿಗೆ ಆರು ಮಂದಿ ಅಣ್ಣತಮ್ಮಂದಿರು, ಮತ್ತು ಬಿ.ಎ. ಆಗಿಲ್ಲ.

ಜಾತಿ? ಅದರಲ್ಲಿ ನನ್ನದು ಬಹಳ ಜಾಗ್ರತೆ. ನಾಯಕನಿಗೊಂದು ಜಾತಿ ಕೊಟ್ಟರೆ ಉಳಿದ ಜಾತಿಯವರು ಓದುವುದಿಲ್ಲ. ಖಳನಿಗೆ ಕೊಟ್ಟರೆ ಆ ಜಾತಿಯವರೆಲ್ಲ ಓದುತ್ತಾರೆ, ಓದಿ ಮನೆಗೆ ಬರುತ್ತಾರೆ. ಆದ್ದರಿಂದ ಪ್ರಕಾಶನ ಹೆಸರಿನ ಹಿಂದೆ ಮುಂದೆ ಏನನ್ನೂ ಇಡಲಿಲ್ಲ. ಶುದ್ಧ ಮನುಷ್ಯ ಮಾತ್ರ. ಇದು ನನ್ನ ವಿಶಾಲ ಮನಸ್ಸಿನ ಗುರುತೆಂದು ನಾನೇ ಒಂದೆರಡು ಸಭೆಗಳಲ್ಲಿ ಹೇಳಿಕೊಂಡದ್ದೂ ಉಂಟು.

ಈ ಶುದ್ಧ ಮನುಷ್ಯನನ್ನು ಬಂಟ್ವಾಳದ ಹತ್ತಿರ ನರಿಕೊಂಬಿನಲ್ಲಿ ಸದಾನಂದನೆಂಬ ಯುವಕ ವಾರ ವಾರವೂ ಭಕ್ತಿಯಿಂದ ಓದುತ್ತಿದ್ದ. ಈ ಸದಾನಂದ ನಮ್ಮ ಸಂಕಪ್ಪಣ್ಣನ ಮಗ.

ಇಲ್ಲಿ ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಹಲವು ಮನೆತನಗಳದ್ದು ಅಳಿಯಸಂತಾನ. ಮನೆ, ಗದ್ದೆ ತಾಯಿಯ ಕಡೆಯಿಂದ ಇಳಿದು ಬರುತ್ತವೆ. ಗಂಡಸು ಅಕ್ಕನ ಮನೆಗೆ ಯಜಮಾನ, ಹೆಂಡತಿಯ ಮನೆಗೆ ನೆಂಟ. ಅವನ ನಂತರ ಯಜಮಾನಿಕೆ ಅಳಿಯನಿಗೆ, ಮಗನಿಗಲ್ಲ. ಸಂಕಪ್ಪಣ್ಣ ಬೆಳುವಾಯಿಯಲ್ಲಿ ಅಕ್ಕ ಪೂವಕ್ಕನ ಮನೆ ನಡೆಸುತ್ತಾರೆ. ಹೆಂಡತಿ, ಮಗ ನರಿಕೊಂಬಿನಲ್ಲಿ, ಹೆಂಡತಿಯ ತಾಯಿಮನೆಯಲ್ಲಿ. ಬಿಡುವಾದಾಗ ಹೋಗಿ ಬರುತ್ತಾರೆ. ಹೊಸ ಕಾನೂನಿನಲ್ಲಿ ಮಕ್ಕಳಿಗೂ ಏನೋ ಉಂಟಂತೆ ಎಂಬ ಸುದ್ದಿ ಈಚೆಗೆ ಎಲ್ಲ ಬಸ್ಸುಗಳಲ್ಲಿಯೂ ಟಿಕೆಟಿಲ್ಲದೆ ಓಡಾಡುತ್ತಿದೆ. ಅದು ಸಾಲದೆಂದು ನನ್ನ ಧಾರಾವಾಹಿ ಬೇರೆ; ಎರಡೂ ಸೇರಿ ಸದಾನಂದನನ್ನು ಹಾಸಿಗೆ ಸಮೇತ ಬೆಳುವಾಯಿಗೆ ತಂದಿದ್ದವು.

"ಅವ ಹೇಳುವುದೇನು?" ಎಂದೆ.

"ಪ್ರಕಾಶ ಹೇಳಿದ್ದನ್ನೇ ಹೇಳ್ತಾನೆ ಮಾರಾಯ್ರೆ. ಅದೂ ಕನ್ನಡದಲ್ಲಿ!"

ಹೋಗದೆ ಉಪಾಯವಿರಲಿಲ್ಲ.

ಚಾವಡಿಯಲ್ಲಿ ಸದಾನಂದ ಸುತ್ತಿದ ಹಾಸಿಗೆಯ ಮೇಲೆ ಕೂತಿದ್ದ. ನನ್ನ 'ಕುತಂತ್ರಿ ಅಳಿಯ', ಅಂದರೆ ಪೂವಕ್ಕನ ಮಗ ಜಗನ್ನಾಥ, ಆಗಷ್ಟೇ ಗದ್ದೆಯಿಂದ ಬಂದು ಕಾಲಿನ ಕೆಸರು ತೊಳೆಯುತ್ತಿದ್ದ. ಕುತಂತ್ರಕ್ಕೆ ಅವನಿಗೆ ಪುರುಸೊತ್ತು ಇದ್ದಂತೆ ಕಾಣಲಿಲ್ಲ. ಪೂವಕ್ಕ ಎಲೆಯಡಿಕೆಯ ತಟ್ಟೆ ಎದುರಿಟ್ಟುಕೊಂಡು ನಡುವೆ ಕೂತಿದ್ದರು. (ಮುಂದಿನ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಸದಾನಂದನದು ಮಾತ್ರ ನನ್ನ ಧಾರಾವಾಹಿಯ ಕನ್ನಡ.)

ನನ್ನನ್ನು ಕಂಡು ಅವನಿಗೆ ಧೈರ್ಯ ಬಂತು. ಎದ್ದು ನಿಂತ.

"ತಂದೆಯವರೇ, ಈ ಮನೆಯ ಪ್ರತಿಯೊಂದು ಕಂಬವೂ ನನ್ನನ್ನು ಕೈಬೀಸಿ ಕರೆಯುತ್ತಿದೆ!"

ನನ್ನದೇ ವಾಕ್ಯ. ಅಚ್ಚಿನಲ್ಲಿ ಚೆನ್ನಾಗಿ ಕಂಡಿತ್ತು.

ಪೂವಕ್ಕ ಕಂಬಗಳ ಕಡೆ ಒಮ್ಮೆ ನೋಡಿದರು. "ಇವ ಯಾಕೆ ಕೋರ್ಟಿನಲ್ಲಿ ನಿಂತವರ ಹಾಗೆ ಮಾತಾಡುವುದು?"

"ಅದು ಕತೆಯ ಮಾತು ಅಮ್ಮ" ಎಂದ ಜಗನ್ನಾಥ. "ಅದರಲ್ಲಿ ನಾನು ಖಳ. ಇನ್ನೆರಡು ವಾರದಲ್ಲಿ ಬಾವಿಗೆ ಬೀಳ್ತೇನೆ ಅಂತ ಕಾಣ್ತದೆ. ಅಲ್ವಾ ಮಾಸ್ಟ್ರೇ?"

ಅವನ ಊಹೆ ಸರಿಯಾಗಿತ್ತು. ನಾನು ಕೆಮ್ಮಿದೆ.

ಪೂವಕ್ಕ ನನ್ನತ್ತ ತಿರುಗಿದರು. "ಆ ಪ್ರಕಾಶನ ತಾಯಿ ಎಲ್ಲಿ?"

"ಮೊದಲನೆಯ ಅಧ್ಯಾಯದಲ್ಲಿಯೇ ತೀರಿಕೊಂಡರು."

"ಎಂತ ಆಗಿತ್ತು?"

"ಕೆಮ್ಮು."

"ಕೆಮ್ಮಿಗೆ ಸತ್ತರಾ! ಒಂದು ಕಷಾಯ ಮಾಡಿ ಕೊಡ್ಲಿಕ್ಕೆ ಆಗಲಿಲ್ಲವಾ ನಿಮಗೆ?"

ಕೊಡಬಹುದಿತ್ತು. ಹೊಳೆದಿರಲಿಲ್ಲ.

"ಅಕ್ಕ ತಂಗಿ?"

"ಇಲ್ಲ."

"ತಂದೆಗೆ ಅಕ್ಕ ತಂಗಿ?"

"ಇಲ್ಲ."

"ಮತ್ತೆ ಈ ಅಳಿಯ ಎಲ್ಲಿಂದ ಬಂದ? ತೆಂಗಿನ ಮರದಿಂದ ಬಿದ್ದನಾ?"

ಈ ಪ್ರಶ್ನೆಯನ್ನು ಇಷ್ಟು ವಾರಗಳಲ್ಲಿ ಎಡಿಟರೂ ಕೇಳಿರಲಿಲ್ಲ.

"ಹೆಂಗಸರೇ ಇಲ್ಲದ ಮೇಲೆ ಅದು ಯಾರ ಮನೆ?"

"ತಂದೆಯದ್ದು" ಎಂದೆ, ಆದಷ್ಟು ಮೆಲ್ಲಗೆ.

"ಹಾಗಾದರೆ ಅವ ನಮ್ಮವ ಅಲ್ಲ. ಬೇರೆ ಯಾವುದೋ ಜಾತಿಯವ."

ತೀರ್ಪು ಹೊರಬಿತ್ತು. ಹೆಸರಿನಿಂದ ನಾನು ಕಿತ್ತು ಹಾಕಿದ್ದ ಜಾತಿ ಕತೆಯ ಮನೆಯೊಳಗೆ ಕಾಲು ಚಾಚಿ ಕೂತಿತ್ತು. ಯಾರಿಗೆ ಯಾವ ಮನೆ ಎಂದು ಬರೆದ ಮೇಲೆ ಜಾತಿಯನ್ನು ಬೇರೆ ಬರೆಯಬೇಕೆ?

ಪೂವಕ್ಕ ಸದಾನಂದನನ್ನು ಕರೆದರು. "ನೀನು ಹೇಳು ಮಗ. ನಿನಗೆ ಬೇಕಾದ್ದು ಎಂತ? ಗದ್ದೆಯಾ? ಕಂಬವಾ? ತುಳುವಿನಲ್ಲಿ ಹೇಳು."

ತುಳುವಿನಲ್ಲಿ ಎಂದ ಕೂಡಲೇ ಪ್ರಕಾಶ ಅವನನ್ನು ಬಿಟ್ಟು ಹೋದ. ಸದಾನಂದ ಒಬ್ಬನೇ ಉಳಿದ. ಹಾಸಿಗೆಯ ಹಗ್ಗವನ್ನು ಎಳೆದ.

"ಗದ್ದೆ ಬೇಡ ಅತ್ತೆ. ಆ ಕತೆಯಲ್ಲಿ ಸಂಜೆ ಆದರೆ ಅಪ್ಪ ಮನೆಗೆ ಬರ್ತಾರೆ. ನಮ್ಮಲ್ಲಿ ಅಪ್ಪ ಬಂದರೆ ಅಮ್ಮ ಚಾಪೆ ಹಾಕಿ, ಬೆಲ್ಲ ನೀರು ಇಟ್ಟು, ಯಾವಾಗ ಹೊರಡುವುದು ಅಂತ ಕೇಳ್ತಾರೆ. ನೆಂಟರಿಗೆ ಕೇಳಿದ ಹಾಗೆ."

'ಸಂಜೆ ತಂದೆ ಮನೆಗೆ ಬಂದರು.' ಹೌದು, ಬರೆದಿದ್ದೆ. ಪಾತ್ರವೊಂದನ್ನು ಒಳಗೆ ತರಲಿಕ್ಕೆ ಏನಾದರೂ ಬರೆಯಬೇಕಲ್ಲ, ಹಾಗೆ. ಇಡೀ ಧಾರಾವಾಹಿಯಲ್ಲಿ ನಾನು ಯೋಚಿಸದೆ ಬರೆದ ಆ ಒಂದು ವಾಕ್ಯಕ್ಕಾಗಿ ಅವನು ಹಾಸಿಗೆ ಹೊತ್ತು ತಂದಿದ್ದ.

ಸಂಕಪ್ಪಣ್ಣ ಅಂಗಳದ ಕಡೆ ಮುಖ ಮಾಡಿದರು. ಅಂಗಳದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಸಂಕಪ್ಪ" ಎಂದರು ಪೂವಕ್ಕ. "ನಿನ್ನ ಹಾಸಿಗೆಯನ್ನೂ ಸುತ್ತು. ನರಿಕೊಂಬಿಗೆ ಹೋಗು. ಕೊಯ್ಲಿಗೆ ಬಂದರೆ ಸಾಕು."

"ಇಲ್ಲಿ ಯಜಮಾನಿಕೆ?"

"ಅಲ್ಲಿದ್ದರೂ ನೀನು ಯಜಮಾನನೇ. ಗದ್ದೆಗೆ ಜಗನ್ನಾಥ ಇದ್ದಾನೆ. ಮನೆಗೆ ನಾನಿದ್ದೇನೆ."

ಸಂಕಪ್ಪಣ್ಣ ಒಳಗೆ ಹೋದರು. ಹಾಸಿಗೆ ಕೊಡವುವ ಸದ್ದು ಕೇಳಿತು.

"ಭಾವ, ಉಂಡು ಹೋಗುವ" ಎಂದು ಜಗನ್ನಾಥ ಸದಾನಂದನ ಬೆನ್ನು ತಟ್ಟಿದ. "ಖಳನ ಮನೆಯ ಊಟ. ನೋಡಿಕೊಂಡು ಉಣ್ಣು!"

ಮಧ್ಯಾಹ್ನದ ಬಸ್ಸಿನ ಮೇಲೆ ಎರಡು ಹಾಸಿಗೆ ಏರಿದವು. ನನ್ನನ್ನು ಬೀಳ್ಕೊಡುವಾಗ ಪೂವಕ್ಕ, "ಮಾಸ್ಟ್ರೇ, ಆ ತಾಯಿಯನ್ನು ಬದುಕಿಸಿ. ಮತ್ತೆ ಕತೆ ಅದರಷ್ಟಕ್ಕೆ ಸರಿ ಆಗ್ತದೆ" ಎಂದರು.

ಎಡಿಟರನ್ನು ಕಂಡು, ಇನ್ನು ಮುಂದೆ ನನ್ನ ಮುಖ್ಯ ಪಾತ್ರಕ್ಕೆ ಅರವತ್ತು ದಾಟಿದೆ, ಹೆಂಗಸು, ಮನೆ ಅವರದ್ದು, ಕೆಮ್ಮು ಇಲ್ಲ ಎಂದು ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಗುಂಗುರು ಕೂದಲಾದರೂ ಉಂಟಾ? ಇಷ್ಟು ಪ್ರಾಯದವರನ್ನು ಮುಖ್ಯ ಪಾತ್ರ ಅಂತ ಒಪ್ಪುವವರು ಯಾರು ಮಾರಾಯ್ರೆ?"

ಯಾರೂ ಒಪ್ಪದಿರಬಹುದು. ಆದರೆ 'ನೀವು ಮುಖ್ಯ ಪಾತ್ರ ಅಲ್ಲ' ಎಂದು ಬೆಳುವಾಯಿಗೆ ಹೋಗಿ ಪೂವಕ್ಕನ ಎದುರು ನಿಂತು ಹೇಳುವವರು ಯಾರು?