ನಾಲ್ಕು ಸೆಕೆಂಡಿನ ಕಂಪ್ಯೂಟರ್

ಪರದೇಶದಲ್ಲಿ, ಬುಕಿತ್ ಬಾಟೋಕ್‌ನ ನಮ್ಮ ಫ್ಲ್ಯಾಟ್ ಬ್ಲಾಕ್‌ನಲ್ಲಿ ಆಯುಧ ಪೂಜೆ ಮಾಡ್ಸೋನು ನಾನೇ. ಬರೋದು ಮೂರೇ ಮಂತ್ರ, ಆದ್ರೆ ನನ್ನ ದನಿಗೆ ಎದುರುಮನೆ ಚೀನೀ ಅಜ್ಜಿನೂ ಬಾಗ್ಲಿಗೆ ಬಂದು ಕೈ ಮುಗೀತಾರೆ. ಆ ಸಲ ಕೆಳಗಿನ ಫ್ಲೋರಿನ ಮೈಸೂರು ದಂಪತಿಯ ಹಳೇ ಡೆಸ್ಕ್‌ಟಾಪ್‌ಗೂ ಪೂಜೆ ಮಾಡ್ದೆ. ಗಂಧ, ಕುಂಕುಮ, ಅಕ್ಷತೆ, ಮೇಲೊಂದು ಸೇವಂತಿಗೆ. ಮದುಮಗನ ಥರ ಕೂತಿತ್ತು ಡಬ್ಬ.

ಮಾರನೇ ದಿನ ಬೆಳಿಗ್ಗೆ ಆ ಮನೆಯಾಕೆ ಅಳೋ ದನೀಲಿ ಫೋನ್ ಮಾಡಿದ್ಲು. ಕಂಪ್ಯೂಟರ್ ಆನ್ ಆಗ್ತಿಲ್ಲ. ಆರು ತಿಂಗಳು ಕೂತು ಬರ್ದ ನಾಟಕ ಅದ್ರೊಳಗಿದೆ. ಅದನ್ನ ಬರ್ದ ಹಳೇ ಟೈಪಿಂಗ್ ಸಾಫ್ಟ್‌ವೇರ್ ಬೇರೆ ಯಾವ ಮಷೀನಲ್ಲೂ ಓಪನ್ ಆಗಲ್ಲ, ಸಂಜೆ ಐದಕ್ಕೆ ಬ್ಲಾಕ್ ಕೆಳಗಿನ ಖಾಲಿ ಜಾಗ ವಾಯ್ಡ್ ಡೆಕ್‌ನಲ್ಲಿ ಮೊದಲ್ನೇ ರಿಹರ್ಸಲ್, ಒಂದು ಪ್ರಿಂಟೂ ತೆಗ್ದಿಲ್ಲ. ರಿಪೇರಿ ಅಂಗಡಿಯವ್ನು ಮೂರು ದಿನ ಕೇಳಿದ್ನಂತೆ. ಗಂಡ ಆಫೀಸಲ್ಲಿ ಊರೋರ ಡೇಟಾನೆಲ್ಲ ಕ್ಲೌಡ್‌ನಲ್ಲಿ ಕಾಪಾಡ್ತಾನೆ, ಹೆಂಡ್ತಿ ನಾಟಕ ಒಂದು ಪೆನ್‌ಡ್ರೈವ್‌ಗೆ ಹಾಕ್ಕೊಟ್ಟಿಲ್ಲ. ಅವ್ರ ಮನೆಗೆ ಇಳಿದು ಹೋಗಿ ಇದನ್ನ ಐದು ಸಲ ಹೇಳಿ, ಐದು ಸಲಾನೂ ಅವನ ಮುಖ ನೋಡ್ದೆ.

ಮೊದ್ಲು ಸಾಕೆಟ್ ಬದಲಾಯಿಸ್ದೆ, ಲೈಟ್ ಬಂದಂಗೆ ಬಂದು ಆರೋಯ್ತು. ಆಮೇಲೆ ವೈರ್ ಮೇಲೆ ಅನುಮಾನ ಬಂತು. ಅವ್ರ ರೈಸ್ ಕುಕ್ಕರ್‌ಗೂ ಅದೇ ಥರದ ವೈರ್. ಅನ್ನ ಅರ್ಧ ಬೆಂದಿತ್ತು, ಕಿತ್ಕೊಂಡು ಬಂದು ಕಂಪ್ಯೂಟರ್‌ಗೆ ಹಾಕ್ದೆ. ಆಗ್ಲೂ ಅದೇ ಕಥೆ: ಲೈಟ್ ಬಂತು, ಫ್ಯಾನ್ ತಿರುಗ್ತು, ಪುಸ್ಸಂತ ಆರೋಯ್ತು. ಅಂದ್ರೆ ಕರೆಂಟ್ ಬರ್ತಿದೆ, ನಿಲ್ತಿಲ್ಲ. ವೈರ್ ಕಿತ್ತು ಮತ್ತೆ ಮತ್ತೆ ಹಾಕಿ ಎಣಿಸ್ದೆ. ಒಂದು, ಎರಡು, ಮೂರು, ನಾಲ್ಕು. ಪ್ರತಿ ಸಲಾನೂ ನಾಲ್ಕಕ್ಕೇ.

ನನ್ನಂಥ ಬುದ್ಧಿವಂತ ಅಲ್ಲಿ ಇದ್ದಿದ್ದು ಅವ್ರ ಪುಣ್ಯ. ಪವರ್ ಬಟನ್ನನ್ನ ನಾಲ್ಕು ಸೆಕೆಂಡ್ ಒತ್ತಿ ಹಿಡ್ಕೊಂಡ್ರೆ ಕಂಪ್ಯೂಟರ್ ಆಫ್ ಆಗುತ್ತೆ. ಹಾಗಾದ್ರೆ ಯಾರೋ ಹಿಡ್ಕೊಂಡಿದಾರೆ. ಬಗ್ಗಿ ನೋಡ್ದೆ. ಹಣೆ ಅಂತ ನಾನು ಗಂಧ, ಕುಂಕುಮ, ಅಕ್ಷತೆ ಮೆತ್ತಿದ್ದು ಸರಿಯಾಗಿ ಬಟನ್ ಮೇಲೆ. ಒಣಗಿ ಕಲ್ಲಾಗಿ, ಒಳಗೆ ಹೋದ ಬಟನ್ ಆಚೆ ಬರ್ತಾ ಇರ್ಲಿಲ್ಲ.

ತಕ್ಷಣ ಮುಖ ಗಂಭೀರ ಮಾಡ್ಕೊಂಡೆ. ಕೇಸ್ ಸೀರಿಯಸ್ ಅಂದೆ. ಗಂಡನ್ನ ನಿಂಬೆಹಣ್ಣು ತಗೊಂಬಾ ಅಂತ ಓಡಿಸ್ದೆ, ಆಕೇನ ಕಾಫಿ ಮಾಡೋಕೆ ಕಳಿಸ್ದೆ. ಹಲ್ಲುಕಡ್ಡಿ ತಗೊಂಡು ಕೆರೆದೆ. ಬಟನ್ ಟಕ್ ಅಂತ ಆಚೆ ಬಂತು. ಆನ್ ಮಾಡ್ದೆ. ಐದು, ಆರು, ಹತ್ತು, ಸ್ಕ್ರೀನ್ ಬಂತು. ಹಿಂದೆ ತಿರುಗಿದ್ರೆ ಆಕೆ ಲೋಟ ಹಿಡ್ಕೊಂಡು ನಿಂತಿದಾಳೆ.

"ಅಂಕಲ್, ಕಡ್ಡೀಲಿ ಕೆಂಪಗೆ ಏನದು?"

"ತುಕ್ಕಮ್ಮ. ಹಳೇ ಮಷೀನ್ ನೋಡು."

"ತುಕ್ಕಲ್ಲಿ ಅಕ್ಕಿಕಾಳೂ ಇರುತ್ತಾ?"

ಕಾಫಿ ಕೊಟ್ಲು. ಕಂಪ್ಯೂಟರ್ ಮುಂದೆ ಕೂತು ಏನೋ ಟಕಟಕ ಟೈಪ್ ಮಾಡಿದ್ಲು. ಗಂಡ ತಂದ ನಿಂಬೆಹಣ್ಣು ಆ ಅರೆಬೆಂದ ಅನ್ನದ ಚಿತ್ರಾನ್ನಕ್ಕೆ ಹೋಯ್ತು.

ಸಂಜೆ ಎಲ್ಲರ ಕೈಗೂ ಪ್ರಿಂಟ್ ಬಂತು. ನಾಟಕದಲ್ಲಿ ಮೂರು ಅಂಕದುದ್ದಕ್ಕೂ ಇರೋ ರಾಜನ ಪಾತ್ರ ನಂದು. ನನ್ನ ಹಾಳೆ ನೋಡಿದ್ರೆ ಒಂದೇ ಸಾಲು: ರಾಜ ಸಿಂಹಾಸನ ಏರಿ, ನಾಲ್ಕು ಸೆಕೆಂಡ್ ಕೂತು, ಸಾಯುತ್ತಾನೆ.

ಏರ್ದೆ. ಕೂತೆ. ನಾಲ್ಕು ಎಣಿಸ್ದೆ. ಆದ್ರೆ ಸಾಯೋಕೆ ಎಷ್ಟು ಹೊತ್ತು ಅಂತ ಆಕೆ ಬರ್ದಿರ್ಲಿಲ್ಲ. ನಾನು ಹತ್ತು ನಿಮಿಷ ತಗೊಂಡೆ.